ಪೆಟ್ಟಿಗೆಯೊಳಗಿನ ಕನ್ನಡ ಪದ್ಯಗಳು: ಶಶಿ ದೇಶಪಾಂಡೆಯವರ ಕಾದಂಬರಿಗಳಲ್ಲಿ ದಾಂಪತ್ಯದ ಹಿಂಸೆ ಮತ್ತು ತಾಯ್ತನ

ಜಯನಗರದಲ್ಲಿ ನೆಲೆಸಿ ಬರೆದ ಶಶಿ ದೇಶಪಾಂಡೆ ನಾಟಕಕಾರ ಶ್ರೀರಂಗರ ಮಗಳು. 1938ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಇಂಗ್ಲಿಷಿನಲ್ಲಿ ಬರೆದರೆಂಬ ಕಾರಣಕ್ಕೆ ನಮ್ಮ ವಿಮರ್ಶೆ ಅವರನ್ನು ಜಗಲಿಯಲ್ಲೇ ಕೂರಿಸಿದೆ. ಆದರೆ ಅವರ ‘ದ ಬೈಂಡಿಂಗ್ ವೈನ್’ ಕಾದಂಬರಿಯ ಮೀರಾ ದಿನಚರಿ ಬರೆಯುವುದು ಇಂಗ್ಲಿಷಿನಲ್ಲಾದರೂ ಪದ್ಯ ಕಟ್ಟುವುದು ಕನ್ನಡದಲ್ಲಿ. ಒಲ್ಲದ ಮೈಮೇಲೆ ರಾತ್ರಿ ಗಂಡ ನಡೆಸುವ ಬಲಾತ್ಕಾರವನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ಹಾಳೆಗಳಲ್ಲಿ ಬರೆದಿಟ್ಟು, ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ. (1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ, 34ರ ಹರೆಯದಲ್ಲಿ ತೀರಿಹೋದ ಕಾದಂಬರಿಗಾರ್ತಿ ತ್ರಿವೇಣಿ ಇಲ್ಲಿ ಕನ್ನಡ ಓದುಗರಿಗೆ ನೆನಪಾಗದೆ ಇರರು.)

ದೇಶಪಾಂಡೆಯವರಲ್ಲಿ ಹಾಸಿಗೆಯ ಹಿಂಸೆಯೂ, ಯಾವಾಗ ತಾಯಿಯಾಗಬೇಕೆಂಬ ಪ್ರಶ್ನೆಯೂ ಎರಡು ವಿಷಯಗಳಲ್ಲ ಎಂಬುದು ಈ ಲೇಖನದ ವಾದ. ‘ಬೇಡ’ ಎನ್ನುವ ಅಧಿಕಾರವಿಲ್ಲದವಳಿಗೆ ‘ಈಗ ಬೇಡ’ ಎನ್ನುವ ಅಧಿಕಾರ ಎಲ್ಲಿಂದ ಬರಬೇಕು?

ಈ ಹೆಣಿಗೆ ಮೀರಾಳಲ್ಲಿಗೇ ಮುಗಿಯುವುದಿಲ್ಲ. ಅವಳ ನಂತರ ಆ ಮನೆಗೆ ಬರುವ ‘ಅಕ್ಕ’, ತಬ್ಬಲಿ ಕೂಸಿಗೆ ತಾಯಿ ಬೇಕೆಂದು ತರಲಾದ ಎರಡನೆಯ ಹೆಂಡತಿ. ಅವಳ ತಾಯ್ತನ ಮದುವೆಯ ದಿನವೇ ಶುರುವಾಗುತ್ತದೆ. ಅದೇ ಕಾದಂಬರಿಯ ಸುಲುವಿನದು ಇದರ ಇನ್ನೊಂದು ಮಗ್ಗುಲು. ಮಕ್ಕಳಾಗಲಿಲ್ಲ, ಮೈಮೇಲೆ ಬಿಳಿ ಮಚ್ಚೆ. ಗಂಡ ಎಲ್ಲಿ ಹೊರಹಾಕುತ್ತಾನೋ ಎಂಬ ದಿಗಿಲಿನಲ್ಲಿ ತನ್ನ ಒಡಹುಟ್ಟಿದ ಅಕ್ಕನ ಮಗಳು ಕಲ್ಪನಾಳನ್ನೇ ಅವನಿಗೆ ಮದುವೆ ಮಾಡಿಕೊಡಲು ಅವಳು ಮುಂದಾಗುತ್ತಾಳೆ. ಕಲ್ಪನಾ ಒಪ್ಪುವುದಿಲ್ಲ. ಆ ಗಂಡನೇ ಅವಳ ಮೇಲೆ ಅತ್ಯಾಚಾರ ಎಸಗುತ್ತಾನೆ. ವಿಷಯ ತಿಳಿದ ಸುಲು ಮೈಗೆ ಬೆಂಕಿ ಹಚ್ಚಿಕೊಳ್ಳುತ್ತಾಳೆ. ಬರದ ಮಗುವಿನ ಭಯ ಒಬ್ಬ ಹೆಣ್ಣಿನ ಕೈಯಿಂದಲೇ ಇನ್ನೊಬ್ಬಳನ್ನು ಹಿಂಸೆಯ ಬಾಯಿಗೆ ದೂಡುವ ಈ ಪ್ರಸಂಗ, ನನ್ನ ಮಟ್ಟಿಗೆ, ಮೀರಾಳ ಕತೆಗಿಂತಲೂ ಕಟುವಾದದ್ದು. ಚರ್ಚೆಗಳಲ್ಲಿ ಸುಲು ಅಡಿಟಿಪ್ಪಣಿಯಾಗಿ ಉಳಿಯಬಾರದು.

1980ರ ‘ದ ಡಾರ್ಕ್ ಹೋಲ್ಡ್ಸ್ ನೋ ಟೆರರ್ಸ್’ನ ಸರೂ ವೈದ್ಯೆ, ಗಂಡ ಮನು ಕಾಲೇಜು ಅಧ್ಯಾಪಕ. ಹೆಂಡತಿಯ ಗಳಿಕೆಯಲ್ಲೇ ಸಂಸಾರ ನಡೆಯುವುದು ಹೇಗನಿಸುತ್ತದೆಂದು ಸಂದರ್ಶನಕ್ಕೆ ಬಂದವಳೊಬ್ಬಳು ಕೇಳಿದ ಮೇಲೆ ರಾತ್ರಿಯ ದಾಳಿ ಮೊದಲಾಗುತ್ತದೆ. ಬೆಳಗಾದರೆ ಅವನು ಏನೂ ನಡೆಯದವನಂತೆ ಇರುತ್ತಾನೆ. ಗಂಡನ ಕ್ರೌರ್ಯವನ್ನು ಅಪರಾಧವೆಂದ 498ಎ ಕಲಂ ಬಂದದ್ದು 1983ರಲ್ಲಿ. ಕಾದಂಬರಿ ಬಂದಾಗ ಸರೂಗೆ ಆ ಕಲಮೂ ಇರಲಿಲ್ಲ. 1990ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ದಟ್ ಲಾಂಗ್ ಸೈಲೆನ್ಸ್’ನ ಜಯಾ ಗಂಡನಿಗೆ ತಿಳಿಸದೆ ಗರ್ಭ ತೆಗೆಸಿಕೊಳ್ಳುತ್ತಾಳೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ವಯಸ್ಕ ಹೆಣ್ಣಿನ ಒಪ್ಪಿಗೆಯನ್ನು ಕೇಳುತ್ತದೆಯೇ ಹೊರತು ಗಂಡನದನ್ನಲ್ಲ. ಜಯಾ ಮುಚ್ಚಿಟ್ಟದ್ದು ಕಾನೂನಿಗೆ ಹೆದರಿ ಅಲ್ಲ ಎಂದಾಯಿತು.

ನ್ಯಾಯಾಲಯಗಳು ಈ ಎರಡು ಎಳೆಗಳನ್ನು ಕೂಡಿಸಿದ್ದು ತಡವಾಗಿ. 2022ರ ಮಾರ್ಚ್ 23ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು ನಿರಾಕರಿಸಿದರು. ಅದೇ ವರ್ಷ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದೇ ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 29ರಂದು ಗರ್ಭಪಾತ ಕಾಯ್ದೆಯ ಮಟ್ಟಿಗೆ ಮಾತ್ರ ‘ಅತ್ಯಾಚಾರ’ದಲ್ಲಿ ಗಂಡನ ಬಲಾತ್ಕಾರವೂ ಸೇರುತ್ತದೆ ಎಂದಿತು. ಬಸಿರಿನ ಬಾಗಿಲಿನಿಂದ ಒಳಬಂದ ಈ ಮಾನ್ಯತೆ ದಂಡಸಂಹಿತೆಯ ಬಾಗಿಲಲ್ಲಿ ನಿಂತಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಂ, ಹೆಂಡತಿಗೆ ಹದಿನೆಂಟು ತುಂಬಿದ್ದರೆ ಗಂಡನಿಗೆ ಹಳೆಯ ವಿನಾಯಿತಿಯನ್ನೇ ಉಳಿಸಿಕೊಂಡಿದೆ.

ತಮ್ಮನ್ನು ಸ್ತ್ರೀವಾದಿ ಎಂದುಕೊಂಡರೂ ಕಾದಂಬರಿಗಳಿಗೆ ಆ ಹಣೆಪಟ್ಟಿ ಬೇಡವೆಂದವರು ದೇಶಪಾಂಡೆ. ಹಟ ಅತಿಯಾಯಿತೇನೋ ಎಂದು ಮೊದಲು ನನಗನಿಸಿತ್ತು. ‘ಬೈಂಡಿಂಗ್ ವೈನ್’ನ ವನಾಳನ್ನು ಮತ್ತೆ ಓದಿದಾಗ ಅವರ ಮಾತು ಅರ್ಥವಾಯಿತು. ಮೀರಾಳ ಪದ್ಯಗಳನ್ನು ಅಚ್ಚು ಹಾಕಿಸಲು ಸೊಸೆ ಊರ್ಮಿಳಾ ಹೊರಟಾಗ ಅಡ್ಡ ನಿಲ್ಲುವವಳು ಎರಡನೆಯ ಹೆಂಡತಿ ‘ಅಕ್ಕ’ನ ಮಗಳು, ಊರ್ಮಿಳಾಳ ಜೀವದ ಗೆಳತಿ ವನಾ. ಅವಳು ಕೆಟ್ಟವಳಲ್ಲ. ಪದ್ಯಗಳಲ್ಲಿರುವ ಆ ಗಂಡ ಅವಳಿಗೆ ಅಪ್ಪ.