ಬೇಕು, ಬೇಡ

ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಯಾರದೇ ಧರಣಿ ಇರಲಿ, ಅಂಗನವಾಡಿಯವರದೋ ಅತಿಥಿ ಉಪನ್ಯಾಸಕರದೋ, ಮೈಕ್ ಹಿಡಿದವರು ‘ಬೇಕೇ ಬೇಕು’ ಎಂದರೆ ಸಾಕು, ಕೂತವರು ‘ನ್ಯಾಯ ಬೇಕು’ ಎನ್ನುತ್ತಾರೆ. ಯಾರೂ ಹೇಳಿಕೊಡಬೇಕಾಗಿಲ್ಲ. ‘ನ್ಯಾಯ’ಕ್ಕೆ ಮೂರು ಮಾತ್ರೆ, ‘ಬೇಕು’ಗೆ ಮೂರು ಮಾತ್ರೆ, ಮೆರವಣಿಗೆಯಲ್ಲಾದರೆ ಎಡಗಾಲಿಗೊಂದು, ಬಲಗಾಲಿಗೊಂದು.

ಹಳಗನ್ನಡದ ‘ವೇೞ್ಕುಂ’ ಸವೆದು ಸವೆದು ಆದದ್ದು ಈ ‘ಬೇಕು’. ಕನ್ನಡದಲ್ಲಿ ಏನನ್ನಾದರೂ ಕೇಳಲು ಬಾಯಿ ತೆರೆದರೆ ಎದುರಿಗಿರುವವರ ಸ್ಥಾನಮಾನವೂ ಜೊತೆಗೇ ಹೊರಬೀಳುತ್ತದೆ. ‘ಕೊಡು’ ಎಂದರೆ ಸಲಿಗೆ ಅಥವಾ ಉಡಾಫೆ, ‘ಕೊಡಿ’ ಎಂದರೆ ಮರ್ಯಾದೆ, ‘ಕೊಡಿ ಸ್ವಾಮಿ’ ಎಂದರೆ ಅರ್ಧ ಸೋತಂತೆಯೇ. ‘ಬೇಕು’ ಎಂಬುದಕ್ಕೆ ಈ ಗೊಡವೆ ಇಲ್ಲ. ಲಿಂಗವಿಲ್ಲ, ವಚನವಿಲ್ಲ, ನೀನು-ನೀವುಗಳ ತಕರಾರಿಲ್ಲ. ಮಂತ್ರಿಯ ಎದುರೂ ಅದೇ ರೂಪ, ಅಮ್ಮನೆದುರು ಹಠ ಹಿಡಿದ ಮಗುವಿನ ಬಾಯಲ್ಲೂ ಅದೇ ರೂಪ. ಬೀದಿಗಿಳಿದವರಿಗೆ ಇದಕ್ಕಿಂತ ಅನುಕೂಲದ ಪದ ಇನ್ನೊಂದಿಲ್ಲ: ಬೈದ ಹಾಗೂ ಆಗಲಿಲ್ಲ, ಬಗ್ಗಿದ ಹಾಗೂ ಆಗಲಿಲ್ಲ.

ಅದೇ ಜನ ಧರಣಿಯ ಕೊನೆಗೆ ಅಧಿಕಾರಿಯ ಕೈಗಿಡುವ ಮನವಿಪತ್ರ ನೋಡಿ. ‘ಮಾನ್ಯರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರುವಾಗಿ ‘ತಮ್ಮಲ್ಲಿ ಕೋರುತ್ತೇವೆ’ ಎಂದು ಮುಗಿಯುತ್ತದೆ. ಗಂಟಲಿಗೆ ಒಂದು ಕನ್ನಡ, ಕಾಗದಕ್ಕೆ ಒಂದು ಕನ್ನಡ. ಎರಡರ ನಡುವೆ ಕೂತಿರುವುದು ‘ಬೇಡಿಕೆ’. ಬೇಡು, ಬೇಕು, ಬೇಡ ಮೂರೂ ಒಂದೇ ಬೇರಿನವು. ಬೇಡುವುದೆಂದರೆ ಕೈಯೊಡ್ಡುವುದು, ಆದರೆ ಸಂಘದ ಕರಪತ್ರಕ್ಕೆ ಬರುವ ಹೊತ್ತಿಗೆ ಬೇಡಿಕೆಗೆ ಅದರ ನೆನಪೇ ಇರುವುದಿಲ್ಲ. ಅದು ‘ಈಡೇರದಿದ್ದರೆ ಉಗ್ರ ಹೋರಾಟ’ ಎಂದು ಗುಡುಗುತ್ತದೆ.

‘ನ್ಯಾಯ ಬೇಕು’ ಎನ್ನುವಾಗ ಯಾರಿಗೆ ಎಂಬುದು ಮಾತಿನಲ್ಲಿರುವುದಿಲ್ಲ. ಎಲ್ಲ ಘೋಷಣೆಗಳೂ ಹೀಗೆ ಕರ್ತೃವನ್ನು ಮರೆಸುವುದಿಲ್ಲ. ಜಮೀನು ಉಳಿಸಿಕೊಳ್ಳಲು ಕೂತ ರೈತರು ‘ಭೂಮಿ ಬಿಡೆವು’ ಎನ್ನುತ್ತಾರೆ. ಅಲ್ಲಿ ‘ನಾವು’ ಕ್ರಿಯಾಪದದ ಬಾಲಕ್ಕೇ ಅಂಟಿಕೊಂಡಿದೆ. ಮನೆಯಲ್ಲಿ, ಸಂತೆಯಲ್ಲಿ ‘ಬಿಡಲ್ಲ’ ಎನ್ನುವವರ ಬಾಯಲ್ಲಿ, ಹಳೆಯ ಕಾವ್ಯಗಳ ನಿಷೇಧರೂಪ ಬ್ಯಾನರಿನ ಪುಣ್ಯದಿಂದ ಬದುಕಿದೆ.

ಇನ್ನು ‘ಬೇಡ’. ಈ ಊರಿಗೆ ಹೊರಗಿನಿಂದ ಬಂದವರು ಮೊದಲು ಕಲಿಯುವ ಕನ್ನಡ ಇವೆರಡೇ. ಆಟೋದವರ ಮುಂದೆ, ತರಕಾರಿ ಗಾಡಿಯ ಮುಂದೆ ಇಷ್ಟರಲ್ಲೇ ವ್ಯವಹಾರ ಮುಗಿಯುತ್ತದೆ. 2016ರ ಅಕ್ಟೋಬರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆಯ ವಿರುದ್ಧ ಜನ ಮಾನವ ಸರಪಳಿ ಮಾಡಿದರು. ಉದ್ದ ಸುಮಾರು 6.7 ಕಿ.ಮೀ., ವೆಚ್ಚ 1,791 ಕೋಟಿ ರೂಪಾಯಿ, ಬಲಿಯಾಗಲಿದ್ದದ್ದು 800ಕ್ಕೂ ಹೆಚ್ಚು ಮರ. ಅಲ್ಲಿ ಸೇರಿದವರಲ್ಲಿ ಅನೇಕರು ಮನೆಯಲ್ಲೂ ಆಫೀಸಿನಲ್ಲೂ ಇಂಗ್ಲಿಷ್ ಆಡುವವರು. ಆದರೂ ಫಲಕದ ಮೇಲೆ ಬಂದದ್ದು ‘ಸ್ಟೀಲ್ ಫ್ಲೈಓವರ್ ಬೇಡ’. ಅನೇಕ ಕಡೆ ರೋಮನ್ ಲಿಪಿಯಲ್ಲಿತ್ತು ಎಂದು ಆಗ ಮೂಗು ಮುರಿದವರಿದ್ದರು. ನನಗೇನೋ ಅದು ಕನ್ನಡಕ್ಕೆ ಸಿಕ್ಕ ಸಣ್ಣ ಗೆಲುವೆಂದೇ ಅನ್ನಿಸಿತು. ‘ನೋ’ ಎಂದಿದ್ದರೆ ಅದು ಅಪಾರ್ಟ್‌ಮೆಂಟಿನವರ ಜಗಳ ಎಂದು ಸರ್ಕಾರ ಪಕ್ಕಕ್ಕೆ ತಳ್ಳಬಹುದಿತ್ತು. ‘ಬೇಡ’ ಎಂದದ್ದರಿಂದ ಅದು ಊರಿನ ಮಾತಾಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಗುಂಪು ಉಪನಗರ ರೈಲಿಗಾಗಿ ‘ಚುಕುಬುಕು ಬೇಕು’ ಎಂದಿತು. ಮಕ್ಕಳ ಬಾಯಿಯ ರೈಲು ಫಲಕಕ್ಕೇರಿದ್ದು ಚೆನ್ನಾಗಿತ್ತು. ಸಿಟ್ಟು ಕಡಿಮೆ, ಆಸೆ ಜಾಸ್ತಿ.

2021ರಲ್ಲಿ ಬಂದ ಆದೇಶವೊಂದು ನಗರದ ಪ್ರತಿಭಟನೆಗಳನ್ನೆಲ್ಲ ಫ್ರೀಡಂ ಪಾರ್ಕಿಗೇ ಸೀಮಿತಗೊಳಿಸಿತು. ಅದು ಹಿಂದೆ ಸೆಂಟ್ರಲ್ ಜೈಲಿದ್ದ ಜಾಗ. ಟೌನ್‌ಹಾಲಿನ ಮೆಟ್ಟಿಲ ಮೇಲೆ, ಮೈಸೂರು ಬ್ಯಾಂಕ್ ವೃತ್ತದಲ್ಲಿ ಕೂಗಿದಾಗ ಬಸ್ಸಿನ ಕಿಟಕಿಯಿಂದ ಜನ ಇಣುಕಿ ‘ಏನಂತೆ?’ ಎನ್ನುತ್ತಿದ್ದರು. ಈಗ ‘ನ್ಯಾಯ ಬೇಕು’ ಎಂಬುದನ್ನು ಕೇಳಿಸಿಕೊಳ್ಳುವವರು ಹೆಚ್ಚಾಗಿ ಪಕ್ಕದ ಪೆಂಡಾಲಿನಲ್ಲಿ ತಮ್ಮದೇ ನ್ಯಾಯಕ್ಕೆ ಕೂತವರು ಮತ್ತು ಪೊಲೀಸರು.

ಎರಡು ಪದಗಳ ಫಲಿತಾಂಶದ ಲೆಕ್ಕವೂ ಇದೆ. ‘ಬೇಡ’ ಎಂದ ಐದು ತಿಂಗಳೊಳಗೆ, 2017ರ ಮಾರ್ಚಿನಲ್ಲಿ, ಸರ್ಕಾರ ಉಕ್ಕಿನ ಸೇತುವೆಯನ್ನು ಕೈಬಿಟ್ಟಿತು. ‘ಬೇಕು’ ಎಂದ ರೈಲಿಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ, ಶಂಕುಸ್ಥಾಪನೆ 2022ರ ಜೂನಿನಲ್ಲಿ.