ಉತ್ತರಮೇರೂರಿನ ವಾರಿಯಗಳು

ತಮಿಳುನಾಡಿನ ಕಾಂಚೀಪುರ ಜಿಲ್ಲೆಯಲ್ಲಿ ಉತ್ತರಮೇರೂರೆಂಬ ಪುರಾತನವಾದ ಊರೊಂದುಂಟು. ಅಲ್ಲಿಯ ವೈಕುಂಠಪೆರುಮಾಳ್ ದೇವಾಲಯದ ಭಿತ್ತಿಯಲ್ಲಿ ಚೋಳರಾಜನಾದ ಮೊದಲನೆಯ ಪರಾಂತಕನ ಆಳ್ವಿಕೆಯ 12ನೆಯ ಮತ್ತು 14ನೆಯ ವರ್ಷಗಳಲ್ಲಿ, ಎಂದರೆ ಕ್ರಿ. ಶ. 919 ಮತ್ತು 921ರಲ್ಲಿ, ಕೆತ್ತಿಸಿದ ಎರಡು ಶಾಸನಗಳಿರುತ್ತವೆ. ಸಾಮಾನ್ಯವಾಗಿ ಶಾಸನವೆಂದೊಡನೆ ರಾಜವಂಶದ ಪ್ರಶಂಸೆ, ಶತ್ರುಸಂಹಾರ, ಭೂದಾನ, ಕೊನೆಗೆ ಶಾಪವಾಕ್ಯಗಳು ಎಂಬ ಕ್ರಮವೇ ವಾಚಕರ ಮನಸ್ಸಿಗೆ ಬರುವುದು. ಇವುಗಳಾದರೋ ರಾಜನ ಬಿರುದನ್ನು ಒಂದು ಮಾತಿನಲ್ಲಿ ಮುಗಿಸಿ, ಊರಿನ ಕೆರೆ, ತೋಟ, ಚಿನ್ನ, ಲೆಕ್ಕಪತ್ರಗಳನ್ನು ನೋಡಿಕೊಳ್ಳುವವರನ್ನು ಯಾವ ರೀತಿಯಿಂದ ಆರಿಸತಕ್ಕದ್ದು ಎಂಬ ವಿಷಯಕ್ಕೆ ಇಳಿಯುತ್ತವೆ. ಇವುಗಳನ್ನು ವಿ. ವೆಂಕಯ್ಯನವರು ಪ್ರಾಕ್ತನವಿಮರ್ಶನ ಇಲಾಖೆಯ 1904-05ನೆಯ ವಾರ್ಷಿಕ ವರದಿಯಲ್ಲಿ ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ ದಕ್ಷಿಣದೇಶದ ಸ್ಥಳೀಯ ಸ್ವಯಮಾಡಳಿತದ ಮಾತು ಬಂದಾಗಲೆಲ್ಲ ಈ ಶಾಸನಗಳ ಹೆಸರು ಬಾರದೆ ಇರುವುದಿಲ್ಲ.

ಊರು ಆಗ ಉತ್ತರಮೇರು ಚತುರ್ವೇದಿಮಂಗಲವೆಂಬ ಬ್ರಹ್ಮದೇಯವಾಗಿದ್ದಿತು. ಅದರ ಮಹಾಸಭೆಯು ತನ್ನ ಕೆಲಸಗಳನ್ನು ನಡೆಯಿಸುವುದಕ್ಕೆ ಸಮಿತಿಗಳನ್ನು ಏರ್ಪಡಿಸಿಕೊಂಡಿದ್ದಿತು. ಇವಕ್ಕೆ ವಾರಿಯಗಳೆಂದು ಹೆಸರು. ಊರಿನ ಸಮಸ್ತ ವ್ಯವಹಾರಗಳ ಮೇಲೆ ದೃಷ್ಟಿಯಿಡುವ ಸಂವತ್ಸರವಾರಿಯ, ತೋಟವಾರಿಯ, ಕೆರೆಯ ಪಾಲನೆಗಾಗಿ ಏರಿವಾರಿಯ, ಚಿನ್ನದ ವಿಷಯಕ್ಕೆ ಪೊನ್‌ವಾರಿಯ, ಪಂಚವಾರವಾರಿಯ ಎಂದು ಅವುಗಳಲ್ಲಿ ಐದು ಹೇಳಲ್ಪಟ್ಟಿವೆ. ಕಡೆಯದರ ಕಾರ್ಯವೇನೆಂಬುದರಲ್ಲಿ ವಿದ್ವಾಂಸರಿಗೆ ಐಕಮತ್ಯವಿಲ್ಲ. ಉಳಿದವುಗಳ ಕೆಲಸವು ಹೆಸರಿನಿಂದಲೇ ಸ್ಪಷ್ಟವಾಗಿದೆ. ಇವುಗಳಲ್ಲಿ ಜನರ ಅನ್ನಕ್ಕೆ ನೇರವಾಗಿ ಸೇರಿದುದು ಏರಿವಾರಿಯ. ಪಲ್ಲವರಾಜನಾದ ದಂತಿವರ್ಮನ ಬಿರುದಿನಿಂದ ವೈರಮೇಘತಟಾಕವೆಂದು ಹೆಸರಾದ ದೊಡ್ಡ ಕೆರೆಯೇ ಆ ಊರಿನ ಜೀವಾಳವಾಗಿದ್ದಿತು. ಕೆರೆಯೆಂದರೆ ಒಮ್ಮೆ ಕಟ್ಟಿ ಬಿಟ್ಟರೆ ಮುಗಿಯುವ ವಸ್ತುವಲ್ಲ. ವರ್ಷವರ್ಷವೂ ಹೂಳು ತುಂಬುತ್ತದೆ, ಏರಿ ಕುಸಿಯುತ್ತದೆ, ತೂಬು ಸಡಿಲುತ್ತದೆ. ಆದುದರಿಂದ ಪುಣ್ಯಾರ್ಥಿಗಳು ಕೊಟ್ಟ ಚಿನ್ನವನ್ನು ಮೂಲಧನವಾಗಿಟ್ಟುಕೊಂಡು ಅದರ ಬಡ್ಡಿಯಿಂದ ಹೂಳೆತ್ತಿಸುವ ಭಾರವು ಸಭೆಗೂ ಕೆರೆಯ ವಾರಿಯಕ್ಕೂ ಸೇರಿದ್ದಿತು. ಕನ್ನಡನಾಡಿನಲ್ಲಿ ಇದೇ ಕೆಲಸಕ್ಕಾಗಿ ಕಟ್ಟುಕೊಡಗೆಯೆಂಬ ಭೂಮಿಯನ್ನು ಬಿಡುತ್ತಿದ್ದುದು ಶಾಸನಗಳನ್ನು ಓದಿದವರಿಗೆ ವಿದಿತವೇ ಆಗಿದೆ. ದಾರಿ ಬೇರೆಯಾದರೂ ಚಿಂತೆ ಒಂದೇ.

ಇಂತಹ ಚಿನ್ನವು ಯಾರ ಕೈಯಲ್ಲಿರಬೇಕು? ಧರ್ಮಶಾಸ್ತ್ರವು ಈ ಪ್ರಶ್ನೆಗೆ ಉತ್ತರ ಹೇಳದೆ ಇಲ್ಲ. ಸಮೂಹದ ಕಾರ್ಯಚಿಂತಕರು ಧರ್ಮಜ್ಞರೂ ಶುಚಿಗಳೂ ಲೋಭವಿಲ್ಲದವರೂ ಆಗಿರಬೇಕೆಂದು ಯಾಜ್ಞವಲ್ಕ್ಯರು ವಿಧಿಸಿದ್ದಾರೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಆ ಸ್ಮೃತಿಯನ್ನೇ ವ್ಯಾಖ್ಯಾನಿಸಿದನು. ಆದರೆ ಶುಚಿಯಾದವನನ್ನು ಗುರುತಿಸುವುದು ಹೇಗೆ? ಸ್ಮೃತಿಯು ಲಕ್ಷಣವನ್ನು ಹೇಳಿ ನಿಲ್ಲುತ್ತದೆ. ಪರೀಕ್ಷೆಯ ಮಾರ್ಗವನ್ನು ಹುಡುಕಿಕೊಳ್ಳಬೇಕಾದವರು ಊರಿನವರೇ. ಉತ್ತರಮೇರೂರಿನವರು ಅದನ್ನು ಹುಡುಕಿದರು. ಒಂದು ಸಲದಲ್ಲಿ ಸರಿಯಾಗಿ ದೊರೆಯಲಿಲ್ಲವೆಂಬುದೇ ಎರಡು ಶಾಸನಗಳಿರುವುದಕ್ಕೆ ಕಾರಣವಾಗಿ ತೋರುತ್ತದೆ.

919ರ ವ್ಯವಸ್ಥೆಯು ಸಂಕ್ಷಿಪ್ತವಾದುದು. ಅದರಲ್ಲಿ ಸದಸ್ಯನಾಗತಕ್ಕವನ ವಯಸ್ಸು 30ಕ್ಕೆ ಮೇಲೆ 60ಕ್ಕೆ ಒಳಗೆ ಎಂದಿದ್ದಿತು. ಎರಡೇ ವರ್ಷಗಳಲ್ಲಿ ಸಭೆಯು ಪುನಃ ಕೂಡಿ, ವಯಸ್ಸನ್ನು 35ರಿಂದ 70ರವರೆಗೆ ಎಂದು ಮಾರ್ಪಡಿಸಿ, ನಿಬಂಧನೆಗಳನ್ನು ಬಹಳವಾಗಿ ಬೆಳೆಸಿತು. ಎರಡು ಸಲವೂ ರಾಜನ ಆಜ್ಞೆಯಂತೆ ಅಧಿಕಾರಿಯೊಬ್ಬನು ಸಭೆಯಲ್ಲಿ ಕುಳಿತಿದ್ದನು. ನಿರ್ಣಯವು ಮಾತ್ರ ಸಭೆಯ ಹೆಸರಿನಲ್ಲಿಯೇ ಆಯಿತು.

ಎರಡನೆಯ ಶಾಸನದಂತೆ ಊರನ್ನು 30 ಕುಡುಂಬುಗಳೆಂಬ ವಿಭಾಗಗಳಾಗಿ ಮಾಡಲಾಗಿದ್ದಿತು. ಆಯಾ ಕುಡುಂಬಿನಲ್ಲಿ ತೆರಿಗೆ ಸಲ್ಲುವ ಭೂಮಿಯಲ್ಲಿ ಕಾಲು ವೇಲಿಗಿಂತ ಹೆಚ್ಚನ್ನು ಉಳ್ಳವನಾಗಿ, ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆಯಲ್ಲಿರುವವನಾಗಿ, ಮಂತ್ರಬ್ರಾಹ್ಮಣಗಳನ್ನು ಬಲ್ಲವನಾದವನ ಹೆಸರನ್ನು ಓಲೆಯಲ್ಲಿ ಬರೆಯಬಹುದು. ಅರೆಕಾಲು ವೇಲಿ ಮಾತ್ರ ಇರುವವನಾದರೂ ಒಂದು ವೇದವನ್ನೂ ಒಂದು ಭಾಷ್ಯವನ್ನೂ ಕಲಿತವನಾದರೆ ಅವನಿಗೂ ಅವಕಾಶವುಂಟು. ಕಾರ್ಯನಿಪುಣರೂ ಆಚಾರವಂತರೂ ಆಗಿ, ನ್ಯಾಯಾರ್ಜಿತವಾದ ಧನವುಳ್ಳವರಾಗಿ, ಹಿಂದಿನ ಮೂರು ವರ್ಷಗಳಲ್ಲಿ ಯಾವ ವಾರಿಯದಲ್ಲಿಯೂ ಇಲ್ಲದವರಾಗಿರಬೇಕು.

ಆಮೇಲಿನ ಕ್ರಮವು ನೋಡತಕ್ಕದ್ದಾಗಿದೆ. ಪ್ರತಿ ಕುಡುಂಬಿನ ಓಲೆಗಳನ್ನು ಬೇರೆಬೇರೆಯಾಗಿ ಕಟ್ಟಿ, ಕಟ್ಟಿಗೆ ಕುಡುಂಬಿನ ಹೆಸರಿನ ಓಲೆಯನ್ನು ಸೇರಿಸಿ, ಎಲ್ಲವನ್ನೂ ಒಂದು ಕೊಡದಲ್ಲಿ ಹಾಕುವರು. ಆಬಾಲವೃದ್ಧರಾಗಿ ಮಹಾಸಭೆಯು ನೆರೆಯುವುದು. ಅಂದು ಊರಿನಲ್ಲಿರುವ ದೇವಾಲಯದ ನಂಬಿಗಳೆಲ್ಲರೂ ಒಬ್ಬರನ್ನೂ ಬಿಡದೆ ಮಂಟಪದೊಳಗೆ ಕುಳಿತುಕೊಳ್ಳಬೇಕು. ಅವರಲ್ಲಿ ವೃದ್ಧನಾದವನು ಎದ್ದು ನಿಂತು, ಮೇಲಕ್ಕೆ ನೋಡುತ್ತ, ಎಲ್ಲರಿಗೂ ಕಾಣುವಂತೆ ಕೊಡವನ್ನು ಎತ್ತಿ ಹಿಡಿಯುವನು. ಒಳಗೇನಿದೆಯೆಂದರಿಯದ ಬಾಲಕನೊಬ್ಬನು ಒಂದು ಕಟ್ಟನ್ನು ತೆಗೆಯುವನು. ಅದನ್ನು ಬಿಚ್ಚಿ ಬೇರೊಂದು ಕೊಡಕ್ಕೆ ಹಾಕಿ ಅಲ್ಲಾಡಿಸಿದ ಮೇಲೆ, ಅದೇ ಬಾಲಕನು ಒಂದೋಲೆಯನ್ನು ತೆಗೆದು ಮಧ್ಯಸ್ಥನಿಗೆ ಕೊಡುವನು. ಮಧ್ಯಸ್ಥನು ಐದು ಬೆರಳುಗಳನ್ನೂ ಬಿಡಿಸಿ ಅಂಗೈಯಲ್ಲಿಯೇ ಅದನ್ನು ತೆಗೆದುಕೊಂಡು ಓದತಕ್ಕದ್ದು. ಒಳಗಿರುವ ನಂಬಿಗಳೆಲ್ಲರೂ ಅದನ್ನು ಓದತಕ್ಕದ್ದು. ಬಿಡಿಸಿದ ಅಂಗೈಯ ವಿಧಿಯನ್ನು ಬರೆದವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರೇ ಸರಿ. ಮುಚ್ಚಿದ ಮುಷ್ಟಿಯಲ್ಲಿ ಒಂದೋಲೆ ಮತ್ತೊಂದಾಗುವುದು ಎಷ್ಟು ಹೊತ್ತಿನ ಕೆಲಸ!

ಹೀಗೆ ಬಂದ 30 ಮಂದಿಯಲ್ಲಿ, ಮೊದಲು ತೋಟ ಮತ್ತು ಕೆರೆಯ ವಾರಿಯಗಳಲ್ಲಿದ್ದು ವಿದ್ಯೆಯಲ್ಲಿಯೂ ವಯಸ್ಸಿನಲ್ಲಿಯೂ ವೃದ್ಧರಾದ 12 ಮಂದಿ ಸಂವತ್ಸರವಾರಿಯಕ್ಕೆ, ಉಳಿದವರಲ್ಲಿ 12 ಮಂದಿ ತೋಟಕ್ಕೆ, 6 ಮಂದಿ ಕೆರೆಗೆ. ಎಂದರೆ ಕೆರೆಯ ಕೆಸರನ್ನು ಕಂಡವನೇ ಹಿರಿಯ ಸಮಿತಿಗೆ ಏರತಕ್ಕವನು. ಇವರ ಅಧಿಕಾರವು 360 ದಿನಗಳು. ನಡುವೆ ಯಾರಲ್ಲಾದರೂ ಅಪರಾಧವು ಕಂಡುಬಂದರೆ ಅವನನ್ನು ಆಗಲೇ ತೆಗೆದುಬಿಡುವುದು.

ಶಾಸನದ ಧ್ವನಿಯು ಅತ್ಯಂತ ಕಠಿಣವಾಗುವುದು ಅನರ್ಹರನ್ನು ಹೇಳುವಾಗ. ವಾರಿಯದಲ್ಲಿದ್ದು ಲೆಕ್ಕವನ್ನು ಒಪ್ಪಿಸದೆ ಹೋದವನ ಹೆಸರನ್ನು ಓಲೆಯಲ್ಲಿ ಬರೆಯಕೂಡದು. ಅವನೊಬ್ಬನದೇ ಅಲ್ಲ, ಅವನ ತಾಯಿಯ ಅಕ್ಕತಂಗಿಯರ ಮಕ್ಕಳು, ಸೋದರತ್ತೆ ಸೋದರಮಾವಂದಿರ ಮಕ್ಕಳು, ತಂದೆಯ ಒಡಹುಟ್ಟಿದವನು, ತನ್ನ ಒಡಹುಟ್ಟಿದವನು, ಮಾವ, ಭಾವಮೈದುನ, ಸೋದರಳಿಯ, ಮಗಳ ಗಂಡ, ತಂದೆ, ಮಗ, ಇವರಲ್ಲಿ ಯಾರ ಹೆಸರೂ ಸಲ್ಲದು. ಪಂಚಮಹಾಪಾತಕಿಗಳು, ಪರದ್ರವ್ಯವನ್ನು ಅಪಹರಿಸಿದವರು, ಕೂಟಲೇಖವನ್ನು ಬರೆದು ಕತ್ತೆಯ ಮೇಲೆ ಏರಿಸಲ್ಪಟ್ಟವರು ಇವರೂ ಅದೇ ಪಟ್ಟಿಯಲ್ಲಿದ್ದಾರೆ. ಕೆಲವು ದೋಷಗಳಿಗೆ ಪ್ರಾಯಶ್ಚಿತ್ತ ಮಾಡಿಕೊಂಡು ಶುದ್ಧನಾದವನಿಗೂ ವಾರಿಯದ ಬಾಗಿಲು ಆಜೀವಪರ್ಯಂತ ಮುಚ್ಚಿದ್ದೇ. ಪರಲೋಕದ ಲೆಕ್ಕ ತೀರಿದ ಮಾತ್ರಕ್ಕೆ ಊರಿನ ಲೆಕ್ಕ ತೀರಲಿಲ್ಲ. ಹಾಗೆಯೇ ಕರಣಿಕನು ತಾನು ಬರೆದ ಲೆಕ್ಕವನ್ನು ತಾನೇ ಒಪ್ಪಿಸಬೇಕು, ಮತ್ತೊಬ್ಬನು ಬಂದು ಮುಗಿಸಕೂಡದು. ಲೆಕ್ಕವು ಶುದ್ಧವೆಂದು ಹಿರಿಯ ವಾರಿಯದವರು ಹೇಳುವವರೆಗೆ ಅವನಿಗೆ ಪುನಃ ಲೆಕ್ಕ ಬರೆಯುವ ಕೆಲಸವಿಲ್ಲ. 919 ಮತ್ತು 921ರ ನಡುವೆ ಆ ಊರಿನಲ್ಲಿ ಏನು ನಡೆಯಿತೆಂಬುದನ್ನು ಕಲ್ಲು ಹೇಳುವುದಿಲ್ಲ. ಆದರೆ ಲೆಕ್ಕದ ವಿಷಯದಲ್ಲಿ ಇಷ್ಟು ನೆಂಟರನ್ನು ಹೆಸರಿಸಿ ಹೊರಗಿಟ್ಟ ಸಭೆಯು ನೆಂಟಸ್ತಿಕೆಯಿಂದ ಪೆಟ್ಟು ತಿಂದಿದ್ದಿತೆಂದು ಊಹಿಸಲು ಅಡ್ಡಿಯಿಲ್ಲ.

ಈ ಶಾಸನಗಳನ್ನು ಹೊಗಳುವವರು ಅತಿಯಾಗಿ ಹೊಗಳಿರುವುದೂ ಉಂಟು. 1948ರಲ್ಲಿ ಸಂವಿಧಾನಸಭೆಯಲ್ಲಿ ಗ್ರಾಮಪಂಚಾಯತಿಗಳ ಚರ್ಚೆ ನಡೆದಾಗ ಟಿ. ಪ್ರಕಾಶಂ ಅವರು ಇವುಗಳನ್ನು ಸ್ಮರಿಸಿದರು; 2020ರಲ್ಲಿ ಹೊಸ ಪಾರ್ಲಿಮೆಂಟು ಭವನಕ್ಕೆ ಶಂಕುಸ್ಥಾಪನೆಯಾದಾಗಲೂ ಉತ್ತರಮೇರೂರಿನ ಹೆಸರು ಕೇಳಿಬಂತು. ಆದರೆ ಇಲ್ಲಿ ನಡೆದುದು ಮತದಾನವಲ್ಲ, ಚೀಟಿ ಎತ್ತುವುದು. ಯಾರಿಗೆ ಬಹುಮತವೆಂಬ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ. ಅದಕ್ಕಿಂತ ಮುಖ್ಯವಾದುದು ಮತ್ತೊಂದಿದೆ. ಓಲೆಯಲ್ಲಿ ಹೆಸರು ಬರತಕ್ಕವರು ಭೂಮಿಯುಳ್ಳ, ವೇದಾಧ್ಯಯನ ಮಾಡಿದ ಬ್ರಾಹ್ಮಣ ಪುರುಷರು ಮಾತ್ರ. ಆ ಕೆರೆಯ ನೀರಿನಲ್ಲಿ ನೇಗಿಲು ಹಿಡಿದವರು, ಅದರ ಹೂಳನ್ನು ತಲೆಯಲ್ಲಿ ಹೊತ್ತವರು, ಕುಶಲಕರ್ಮಿಗಳು, ಸ್ತ್ರೀಯರು, ಇವರಲ್ಲಿ ಒಬ್ಬರ ಹೆಸರೂ ಕೊಡದೊಳಗೆ ಬೀಳುವಂತಿರಲಿಲ್ಲ. ಸಮಿತಿಯಲ್ಲಿದ್ದವರು ತಮ್ಮ ತಮ್ಮಲ್ಲಿ ಒಬ್ಬರನ್ನೊಬ್ಬರು ಎಷ್ಟು ಸಂಶಯದಿಂದ ಕಂಡರೋ, ಹೊರಗಿದ್ದವರ ಹಕ್ಕಿನ ವಿಷಯದಲ್ಲಿ ಅಷ್ಟೇ ನಿಶ್ಚಿಂತರಾಗಿದ್ದರು. ಈ ಅಂಶವನ್ನು ಮರೆಯಿಸಿ ಶಾಸನವನ್ನು ಪ್ರಜಾಪ್ರಭುತ್ವದ ಜನನಪತ್ರಿಕೆಯೆಂದು ಹೇಳುವುದು ಕಲ್ಲಿಗೆ ಮಾಡುವ ಅನ್ಯಾಯ; ಇದೊಂದು ಕಾರಣದಿಂದ ಅದರ ಲೆಕ್ಕದ ನಿಯಮಗಳನ್ನು ತೃಣೀಕರಿಸುವುದೂ ಅನ್ಯಾಯವೇ.

ಪರಾಂತಕನ ರಾಜ್ಯವು ಈ ವಾರಿಯಗಳಷ್ಟು ಗಟ್ಟಿಯಾಗಿರಲಿಲ್ಲ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಪರಾಂತಕನ ಮಗನಾದ ರಾಜಾದಿತ್ಯನನ್ನು ಕೊಂದರು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಹೇಳುವುದು ಈ ಯುದ್ಧದ ಸಂಗತಿಯನ್ನೇ. ತೊಂಡೈಮಂಡಲವು ಕೆಲವು ಕಾಲ ಕನ್ನರದೇವನ ಹೆಸರಿನಲ್ಲಿ ಶಾಸನಗಳನ್ನು ಕೆತ್ತಿಸಿತು. ಆಮೇಲೆ ಪಾರ್ಥಿವೇಂದ್ರವರ್ಮನು ಬಂದನು, ಪುನಃ ಚೋಳರು ಬಂದರು. ಉತ್ತರಮೇರೂರಿನ ಗೋಡೆಗಳಲ್ಲಿ ರಾಜರ ಹೆಸರು ಬದಲಾಗುತ್ತ ಹೋದಂತೆಲ್ಲ ಮಹಾಸಭೆಯ ವ್ಯವಹಾರಗಳೂ ಅವುಗಳ ಕೆಳಗೆ ಕೆತ್ತಲ್ಪಡುತ್ತಲೇ ಹೋದವು. 921ರ ನಿರ್ಣಯವನ್ನು ಬರೆದವನು ಮಧ್ಯಸ್ಥನಾದ ಕಾಡಾಡಿಪ್ಪೋತ್ತನ್ ಶಿವಕ್ಕುರಿ ರಾಜಮಲ್ಲಮಂಗಲಪ್ರಿಯನು. ದುಷ್ಟರು ನಾಶವಾಗಿ ಉಳಿದವರು ಅಭಿವೃದ್ಧಿ ಹೊಂದಲೆಂದು ಈ ವ್ಯವಸ್ಥೆಯನ್ನು ಮಾಡಿದುದಾಗಿ ತಿಳಿಸಿ, ಮಹಾಸಭೆಯಲ್ಲಿ ಕುಳಿತ ಹಿರಿಯರ ಆಜ್ಞೆಯಂತೆ ಬರೆದೆನೆಂದು ಅವನು ತನ್ನ ಹೆಸರನ್ನು ಹಾಕಿದ್ದಾನೆ.