ತಪ್ಪುಗಳನ್ನೂ ಉಳಿಸಿಕೊಂಡ ಯಂತ್ರ

1985ರಲ್ಲಿ ಸೋವಿಯತ್ ಒಕ್ಕೂಟದ ‘ತೆಹ್ನಿಕಾ ಮೊಲೊದ್ಯೋಜಿ’ ಪತ್ರಿಕೆಯಲ್ಲಿ ಮಿಖಾಯಿಲ್ ಪುಹೋವ್ ಬರೆದ ಧಾರಾವಾಹಿಯೊಂದು ಶುರುವಾಯಿತು. ‘ಕೋನ್-ಟಿಕಿ’ ಎಂಬ ಪುಟ್ಟ ನೌಕೆಯಲ್ಲಿ ಚಂದ್ರನಿಂದ ಭೂಮಿಗೆ ಹೊರಟವರ ಕತೆ ಅದು. ಕತೆಯ ಜೊತೆಗೆ ಪ್ರೋಗ್ರಾಂಗಳೂ ಅಚ್ಚಾಗುತ್ತಿದ್ದವು. ಓದುಗರು ಅವನ್ನು ‘ಎಲೆಕ್ತ್ರೋನಿಕಾ ಬಿ3-34’ ಕ್ಯಾಲ್ಕುಲೇಟರಿಗೆ ಒಂದೊಂದೇ ಗುಂಡಿ ಒತ್ತಿ ತುಂಬಬೇಕು; ಎಷ್ಟು ಇಂಧನ, ಎಷ್ಟು ಸೆಕೆಂಡು ಎಂದು ತಾವೇ ತೀರ್ಮಾನಿಸಿ ನೌಕೆಯನ್ನು ಹಾರಿಸಬೇಕು. ಕ್ಯಾಲ್ಕುಲೇಟರ್ ಇಲ್ಲದೆ ಪೂರ್ತಿ ಓದಲಾಗದ ಕತೆ!

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿನ ಶಾಲೆಗಳಿಗೆ ಇನ್ಫರ್ಮ್ಯಾಟಿಕ್ಸ್ ಎಂಬ ಹೊಸ ವಿಷಯ ಬಂತು. ಪ್ರೋಗ್ರಾಮಿಂಗ್ ಎಂದರೆ ಎರಡನೆಯ ಸಾಕ್ಷರತೆ ಎಂದು 1981ರಲ್ಲೇ ವಾದಿಸಿದ್ದ ಆಂದ್ರೇ ಯೆರ್ಶೋವ್ ಇದರ ಹಿಂದಿದ್ದರು. ಪಠ್ಯವೇನೋ ಬಂತು, ಬಹುಪಾಲು ಶಾಲೆಗಳಿಗೆ ಕಂಪ್ಯೂಟರ್ ಬರಲಿಲ್ಲ. ಕೈಗೆ ಎಟುಕುತ್ತಿದ್ದದ್ದು ಕ್ಯಾಲ್ಕುಲೇಟರ್.

1980ರ ಈ ಬಿ3-34ರಲ್ಲಿ ಪ್ರೋಗ್ರಾಮಿಗೆ ಇದ್ದದ್ದು 98 ಹೆಜ್ಜೆ. ಸಂಖ್ಯೆಗಳನ್ನು ಇಡಲು 14 ಗೂಡು. ಆರಿಸಿದರೆ ಎಲ್ಲವೂ ಅಳಿಸಿಹೋಗುತ್ತಿತ್ತು. ಮರುದಿನ ಮತ್ತೆ ಪತ್ರಿಕೆ ತೆರೆದು ಮೊದಲಿನಿಂದ ಒತ್ತಬೇಕು.

ಈ ಯಂತ್ರವನ್ನು ಇಂದಿನ ಅಗ್ಗದ ಮೈಕ್ರೋಕಂಟ್ರೋಲರಿನ ಮೇಲೆ ಮತ್ತೆ ಕಟ್ಟಿ ವಿದ್ಯಾರ್ಥಿಗಳ ಕೈಗೆ ಕೊಡುವ ಕೆಲಸದಲ್ಲಿ ನಾನು ತೊಡಗಿದ್ದೇನೆ. ಇದರಲ್ಲಿ ಮೊದಲು ಎರಡು ಸಂಖ್ಯೆಗಳನ್ನು ಕೊಟ್ಟು, ಆಮೇಲೆ ಕೂಡುವ ಗುಂಡಿ ಒತ್ತಬೇಕು. ಹೊರಗಿನವರಿಗೆ ಇದು ತಲೆಕೆಳಗಾದ ಕ್ರಮ. ನಮಗೆ ಹಾಗಲ್ಲ, ‘ಮೂರನ್ನೂ ನಾಲ್ಕನ್ನೂ ಕೂಡು’ ಎಂದು ಕ್ರಿಯಾಪದವನ್ನು ಕೊನೆಗಿಡುವುದು ಕನ್ನಡದ ಜಾಯಮಾನ. ಇಷ್ಟು ಹೇಳಿದರೆ ನಮ್ಮ ಮಕ್ಕಳಿಗೆ ಯಂತ್ರದ ವ್ಯಾಕರಣ ತಿಳಿದುಬಿಡುತ್ತದೆ.

ಮರುಸೃಷ್ಟಿಗೆ ಎರಡು ದಾರಿಗಳಿವೆ. ಒಂದು, ಪ್ರತಿ ಗುಂಡಿಯ ಕೆಲಸವನ್ನು ಹೊಸದಾಗಿ ಬರೆಯುವುದು. ಇದು ಸುಲಭ, ಉತ್ತರಗಳೂ ಹಳೆಯದಕ್ಕಿಂತ ನಿಖರ. ಇನ್ನೊಂದು, ಹಳೆಯ ಚಿಪ್‌ಗಳ ಒಳಗಿದ್ದ ಮೈಕ್ರೋಕೋಡನ್ನೇ ನಡೆಸುವುದು. ಹವ್ಯಾಸಿಗಳು ಈ ಕುಟುಂಬದ ಚಿಪ್‌ಗಳಿಂದ ಅದನ್ನು ಓದಿ ತೆಗೆದಿದ್ದಾರೆ. ಹೊಸ ಚಿಪ್ ಆಗ ಹಳೆಯ ಚಿಪ್‌ನ ವೇಷ ಹಾಕುತ್ತದೆ, ಅದರ ದೋಷಗಳ ಸಮೇತ.

ಆ ದೋಷಗಳಿಗೂ ಒಂದು ಚರಿತ್ರೆಯಿದೆ. ಲೆಕ್ಕ ಮಿತಿ ಮೀರಿದಾಗ ಪರದೆಯಲ್ಲಿ ‘ಎರರ್’ ಎಂಬ ಇಂಗ್ಲಿಷ್ ಪದ ಮೂಡುತ್ತಿತ್ತು. ಏಳು ಗೆರೆಗಳಲ್ಲಿ ಬಿಡಿಸಿದ ಆ ಅಕ್ಷರಗಳನ್ನು ರಷ್ಯನ್ನರು ತಮ್ಮ ಲಿಪಿಯಂತೆ ‘ಯೆಗ್ಗೋಗ್’ ಎಂದು ಓದಿಕೊಂಡರು. ಹಾಗೆ ತೋರಿಸಿದ ಮೇಲೂ ಒಳಗೆ ಸಂಖ್ಯೆ ಜೀವಂತವಾಗಿರುತ್ತದೆ, ಅದನ್ನು ಬಳಸಲೂಬಹುದು ಎಂದು ಕೆಲವರು ಪತ್ತೆಹಚ್ಚಿದರು. ಒಂದು ಅಂಕಿಯ ಜಾಗದಲ್ಲಿ ಹದಿನಾರು ಸ್ಥಿತಿಗಳು ಸಾಧ್ಯ, ಬೇಕಾದದ್ದು ಹತ್ತೇ. ಉಳಿದ ಆರನ್ನು ಹೊರಗೆಳೆದು ಪರದೆಯಲ್ಲಿ ವಿಚಿತ್ರ ಗುರುತುಗಳನ್ನು ಬರೆಸಿದರು. ಕೈಪಿಡಿಯಲ್ಲಿಲ್ಲದ ಈ ವಿದ್ಯೆಗೆ ‘ಯೆಗ್ಗೋಗಾಲಜಿ’ ಎಂದು ಹೆಸರಾಯಿತು. ಜಾಗ ಉಳಿಸಲು ಈ ತಂತ್ರಗಳನ್ನು ಪ್ರೋಗ್ರಾಂಗಳಲ್ಲೂ ಬಳಸಿದರು.

ಎಲ್ಲವನ್ನೂ ಸರಿಯಾಗಿ ಲೆಕ್ಕ ಹಾಕುವ ಹೊಸ ಯಂತ್ರ ಅಂಥ ಪ್ರೋಗ್ರಾಂಗಳನ್ನು ನಡೆಸಲಾರದು. ಓಲೆಗರಿಯಲ್ಲಿ ವಿಚಿತ್ರ ಪಾಠ ಕಂಡಾಗ ನಮ್ಮ ಗ್ರಂಥಸಂಪಾದಕರು ಅದನ್ನು ಅಳಿಸಿಹಾಕುವುದಿಲ್ಲ. ಪಾಠಾಂತರವೆಂದು ಪುಟದ ಅಡಿಯಲ್ಲಾದರೂ ಉಳಿಸುತ್ತಾರೆ. ಅದೇ ಕಾರಣಕ್ಕೆ ನಾನು ಎರಡನೆಯ ದಾರಿ ಹಿಡಿದೆ. ಹಳೆಯ ನಿಧಾನವನ್ನೂ ಹಾಗೇ ಬಿಟ್ಟಿದ್ದೇನೆ: ಸೆಕೆಂಡಿಗೆ ಕೆಲವೇ ಹೆಜ್ಜೆ.

ವಿದ್ಯಾರ್ಥಿಗಳಿಗೆ ನಾನು ಮೊದಲು ಕೊಡುವ ಕೆಲಸ ಚಂದ್ರನ ಮೇಲೆ ಇಳಿಯುವುದು. ಅಲ್ಲಿನ ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 1.62 ಮೀಟರ್, ಉಳಿದ ಎತ್ತರ, ವೇಗ, ಇಂಧನ ಎಲ್ಲವೂ 98 ಹೆಜ್ಜೆಗಳೊಳಗೆ ಹಿಡಿಸಬೇಕು. ಮೊದಲ ಕರಡು ಸಾಮಾನ್ಯವಾಗಿ ನೂರು ದಾಟುತ್ತದೆ. ಆಗ ಮಕ್ಕಳು ಗುಂಡಿ ಒತ್ತುವುದನ್ನು ಬಿಟ್ಟು ಕಾಗದ, ಪೆನ್ಸಿಲ್ ತೆಗೆದುಕೊಳ್ಳುತ್ತಾರೆ. ಎರಡು ಸಮೀಕರಣಗಳಲ್ಲಿ ಎರಡೂ ಕಡೆ ಇರುವ ಒಂದೇ ಪದವನ್ನು ಹುಡುಕಿ, ಒಮ್ಮೆ ಮಾತ್ರ ಲೆಕ್ಕ ಹಾಕಿ ಗೂಡಿನಲ್ಲಿ ಇಡುತ್ತಾರೆ.